ಹಳೆಯ ಮೊಬೈಲಿಗೆ ಒಂದೇ ಕೆಲಸ ಕೊಡಿ: ಆಟಿಸಂ ಇರುವ ಮಗುವಿನ ಮನೆಗೊಂದು ಕೈಪಿಡಿ

ದಾವಣಗೆರೆ ಸುತ್ತಮುತ್ತ ಆಟಿಸಂ ಇರುವ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕಿ ನಾನು. ಹೊಸದಾಗಿ ಬರುವ ತಂದೆತಾಯಿ ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಮೇಡಂ, ಯಾವ ಆ್ಯಪ್ ಹಾಕಿಕೊಳ್ಳಬೇಕು?" ನಾನು ಆ್ಯಪ್‌ನ ಹೆಸರು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ದಿನದ ಯಾವ ಹೊತ್ತನ್ನು ದಾಟುವುದು ಅತಿ ಕಷ್ಟ ಎಂದು ತಿರುಗಿ ಕೇಳುತ್ತೇನೆ. ಹಲ್ಲುಜ್ಜಿಸುವುದು ಎನ್ನುತ್ತಾರೆ ಒಬ್ಬರು. ಕ್ಷೌರದ ಅಂಗಡಿ ಎನ್ನುತ್ತಾರೆ ಇನ್ನೊಬ್ಬರು. ಏನು ಬೇಕೆಂದು ಹೇಳಲಾಗದೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ ಎಂದು ಹೇಳಿ ಮತ್ತೊಬ್ಬ ತಾಯಿ ಸುಮ್ಮನಾಗುತ್ತಾರೆ. ಮೂರಕ್ಕೂ ಮೊಬೈಲ್ ಒದಗಿ ಬರುತ್ತದೆ, ಆದರೆ ಮೂರಕ್ಕೂ ಬಳಸುವ ಬಗೆ ಬೇರೆ.

ಇಂಥ ಮಕ್ಕಳಿಗೆ ಕಲಿಸಲು ನಾವು ಬಳಸುವ ವರ್ತನಾ ಚಿಕಿತ್ಸೆ ಎಂದರೆ ಏನೋ ಮಂತ್ರವಲ್ಲ. ದೊಡ್ಡ ಕೆಲಸವನ್ನು ಸಣ್ಣ ಹಂತಗಳಾಗಿ ಒಡೆಯುವುದು, ಬೇಕಾದಷ್ಟೇ ನೆರವು ಕೊಡುವುದು, ಮಗು ಮಾಡಿದ ಕೂಡಲೇ ಅದಕ್ಕೆ ಇಷ್ಟವಾದದ್ದು ಸಿಗುವಂತೆ ನೋಡಿಕೊಳ್ಳುವುದು, ಕೊಟ್ಟ ನೆರವನ್ನು ನಿಧಾನವಾಗಿ ಹಿಂತೆಗೆಯುವುದು. ನೀವು ತರುವ ಯಾವುದೇ ತಂತ್ರಜ್ಞಾನ ಈ ನಾಲ್ಕರಲ್ಲಿ ಒಂದಕ್ಕಾದರೂ ನೆರವಾಗಬೇಕು. ಯಾವುದಕ್ಕೂ ಆಗದಿದ್ದರೆ ಅದು ಆಟ. ಆಟ ತಪ್ಪೇನಲ್ಲ, ಆದರೆ ಅದನ್ನು ಚಿಕಿತ್ಸೆಯ ಲೆಕ್ಕಕ್ಕೆ ಬರೆಯಬೇಡಿ.

ಮೊದಲು ಮೊಬೈಲನ್ನು ಬರಿದು ಮಾಡಿ

ಹೊಸ ಟ್ಯಾಬ್ಲೆಟ್ ಕೊಳ್ಳುವ ಅಗತ್ಯವಿಲ್ಲ. ಮನೆಯ ಕಪಾಟಿನಲ್ಲಿ ಪರದೆಯ ಮೂಲೆ ಬಿರುಕುಬಿಟ್ಟ ಹಳೆಯ ಮೊಬೈಲ್ ಒಂದು ಇದ್ದೇ ಇರುತ್ತದೆ. ಅದರ ಸಿಮ್ ತೆಗೆಯಿರಿ. ಯೂಟ್ಯೂಬ್ ಅಳಿಸಿ; ಅಳಿಸಲು ಬಾರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನಿಷ್ಕ್ರಿಯಗೊಳಿಸಿ. ಆಟಗಳು, ಬ್ರೌಸರ್, ಹಳೆಯ ಫೋಟೊ ಎಲ್ಲವೂ ಹೋಗಲಿ. ಆಂಡ್ರಾಯ್ಡ್‌ನ ಭದ್ರತಾ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ನಿಂಗ್ ಎಂಬ ಸೌಲಭ್ಯವಿದೆ. ಐಫೋನ್, ಐಪ್ಯಾಡ್‌ಗಳಲ್ಲಿ ಅದಕ್ಕೆ ಗೈಡೆಡ್ ಆ್ಯಕ್ಸೆಸ್ ಎನ್ನುತ್ತಾರೆ. ಅದನ್ನು ಹಾಕಿದರೆ ತೆರೆದ ಆ್ಯಪ್‌ನಿಂದ ಮಗು ಸುಲಭವಾಗಿ ಹೊರಗೆ ಹಾರಲಾಗದು.

ಇಷ್ಟು ಕಟ್ಟುನಿಟ್ಟು ಏಕೆಂದರೆ, ಒಂದೇ ಯಂತ್ರದಲ್ಲಿ ಕಾರ್ಟೂನೂ ಇದ್ದು, ಚಿತ್ರ ಒತ್ತಿದರೆ ಮಗುವಿನ ಪರವಾಗಿ ನುಡಿಯುವ ಮಾತಿನ ಫಲಕವೂ ಇದ್ದರೆ ಮಗು ಕಾರ್ಟೂನನ್ನೇ ಹುಡುಕುತ್ತದೆ. ನೀವಾದರೂ ಹಾಗೆಯೇ ಮಾಡುತ್ತೀರಿ. ಕಾರ್ಟೂನ್ ಬೇಕೇ ಬೇಕಾದರೆ ಅದು ಟಿವಿಯಲ್ಲಿ ಇರಲಿ. 2ರಿಂದ 4 ವರ್ಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಾತಿಗಾಗಿ ಬಳಸುವ ಪರದೆಯನ್ನು ನಾನು ಈ ಗಂಟೆಯೊಳಗೆ ಎಣಿಸುವುದಿಲ್ಲ. ಮಾತಿಗೆ ಯಾರೂ ಗಡಿಯಾರ ಇಡುವುದಿಲ್ಲವಲ್ಲ.

ಕಾರಣ ಹುಡುಕಲು: ಮೂರು ಸಾಲಿನ ಟಿಪ್ಪಣಿ

ಇದಕ್ಕೆ ನಿಮ್ಮ ಸ್ವಂತ ಮೊಬೈಲ್ ಸಾಕು. ಮಗು ಕಿರುಚಿತು, ಕಚ್ಚಿತು, ನೆಲಕ್ಕೆ ಬಿತ್ತು ಎಂದಾಗ, ಗಲಾಟೆ ತಣ್ಣಗಾದ ಮೇಲೆ ಮೂರು ವಿಷಯ ದಾಖಲಿಸಿ. ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು. ಬರೆಯಲು ಪುರಸೊತ್ತಿಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಧ್ವನಿ ಸಂದೇಶ ಕಳುಹಿಸಿಕೊಳ್ಳಿ. ಸಮಯ ತಾನಾಗಿ ದಾಖಲಾಗುತ್ತದೆ, ಅದೇ ಅರ್ಧ ಕೆಲಸ.

"ಸುಮ್ಮನೆ ಹಟ ಮಾಡಿದ" ಎಂದು ಬರೆಯಬೇಡಿ. ಅದು ತೀರ್ಪು, ಟಿಪ್ಪಣಿಯಲ್ಲ. "ಅಜ್ಜಿ ಮಿಕ್ಸಿ ಹಾಕಿದರು, ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದ, ಅವನನ್ನು ಹೊರಗೆ ಕರೆದುಕೊಂಡು ಹೋದೆ" ಎಂದು ಬರೆಯಿರಿ. ಕೆಲವು ದಿನಗಳ ಸಾಲುಗಳನ್ನು ಒಟ್ಟಿಗೆ ಓದಿದಾಗ ನನಗೂ ಹೊಳೆಯದ ಕಾರಣ ತಾಯಂದಿರಿಗೆ ಹೊಳೆದಿದೆ. ನನ್ನ ಬಳಿ ಬರುವ ಒಬ್ಬ ಹುಡುಗ ಸಂಜೆ ಏಳರ ಸುಮಾರಿಗೆ ತಂಗಿಯನ್ನು ಹೊಡೆಯುತ್ತಿದ್ದ. ಎಲ್ಲರೂ ಅದನ್ನು ಹೊಟ್ಟೆಕಿಚ್ಚು ಎಂದುಕೊಂಡಿದ್ದರು. ಟಿಪ್ಪಣಿ ನೋಡಿದರೆ, ಹೊಡೆತಕ್ಕೆ ಮುಂಚೆ ಪ್ರತಿ ಸಲವೂ ತಂದೆ ಕೆಲಸದಿಂದ ಬಂದು ಟಿವಿಯ ಸುದ್ದಿ ಹಾಕಿದ್ದರು. ಹೊಡೆದಾಗಲೆಲ್ಲ ಅವನನ್ನು "ಶಿಕ್ಷೆ"ಗೆಂದು ಒಳಕೋಣೆಗೆ ಕಳುಹಿಸುತ್ತಿದ್ದರು, ಅಲ್ಲಿ ಸದ್ದಿರಲಿಲ್ಲ. ಹೊಡೆದರೆ ಸದ್ದಿನಿಂದ ಬಿಡುಗಡೆ ಎಂದು ಅವನು ಸರಿಯಾಗಿಯೇ ಕಲಿತಿದ್ದ. ಅವನಿಗೆ ಕಲಿಸಬೇಕಾಗಿದ್ದದ್ದು "ಸದ್ದು ಬೇಡ" ಎಂದು ಕೇಳುವ ದಾರಿ. ತಂದೆಗೆ ಕಲಿಸಬೇಕಾಗಿದ್ದದ್ದು ರಿಮೋಟ್‌ನಲ್ಲಿ ಧ್ವನಿ ತಗ್ಗಿಸುವ ಗುಂಡಿ ಎಲ್ಲಿದೆ ಎಂದು.

ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳುವುದು, ಕೆನ್ನೆಗೆ ಹೊಡೆದುಕೊಳ್ಳುವುದು ಶುರುವಾದರೆ ಟಿಪ್ಪಣಿಗೆ ಕಾಯಬೇಡಿ. ಹಲ್ಲು ನೋವು, ಕಿವಿ ನೋವು, ಮಲಬದ್ಧತೆ ಇದೆಯೇ ಎಂದು ವೈದ್ಯರಿಗೆ ತೋರಿಸಿ. ಮಗು ಕೆಲವು ಕ್ಷಣ ಎಲ್ಲೋ ನೋಡುತ್ತ ನಿಂತುಬಿಡುವುದು, ಕೈಕಾಲು ಅದುರುವುದು ಕಂಡರೆ ಆಗ ಮಾತ್ರ ಧೈರ್ಯವಾಗಿ ವಿಡಿಯೊ ಮಾಡಿ. ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು, ಆ ವಿಡಿಯೊ ನರರೋಗ ತಜ್ಞರಿಗೆ ಬಹಳ ಉಪಯೋಗ. ಆದರೆ ಮಗು ಅಳುತ್ತಿರುವ ವಿಡಿಯೊವನ್ನು ಕುಟುಂಬದ ಗುಂಪಿಗೆ ಹಾಕಿ "ನೋಡಿ ನಮ್ಮ ಪಾಡು" ಎನ್ನಬೇಡಿ. ಆ ಮಗು ನಾಳೆ ದೊಡ್ಡದಾಗುತ್ತದೆ, ಆ ವಿಡಿಯೊ ಅಲ್ಲೇ ಇರುತ್ತದೆ.

ಕಲಿಸಲು: ನೀವೇ ತೆಗೆಯುವ ವಿಡಿಯೊ

ಮಾರುಕಟ್ಟೆಯ ಎಲ್ಲ ಆ್ಯಪ್‌ಗಳಿಗಿಂತ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಒಂದು ಕೆಲಸವನ್ನು ಯಾರೋ ಸರಿಯಾಗಿ ಮಾಡುವುದನ್ನು ಚಿಕ್ಕ ವಿಡಿಯೊ ಮಾಡಿ ತೋರಿಸುವುದು, ತೋರಿಸಿದ ಕೂಡಲೇ ಮಗುವಿನಿಂದ ಮಾಡಿಸುವುದು. 2000ರಲ್ಲಿ ಅಮೆರಿಕದಲ್ಲಿ ಶಾರ್ಲಪ್-ಕ್ರಿಸ್ಟಿ ಮತ್ತು ಜೊತೆಗಾರರು ಇದನ್ನು ಐವರು ಮಕ್ಕಳ ಮೇಲೆ ಹೋಲಿಸಿ ನೋಡಿದರು. ಎದುರಿಗೆ ನಿಂತು ಮಾಡಿ ತೋರಿಸಿದ್ದಕ್ಕಿಂತ ವಿಡಿಯೊದಲ್ಲಿ ತೋರಿಸಿದ್ದು ಬೇಗ ಬಂತು. ಅಧ್ಯಯನ ಚಿಕ್ಕದು, ಆದರೆ ಆಮೇಲೆ ಬಂದ ಹಲವು ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ. ಕಾರಣವೂ ಊಹಿಸಬಹುದಾದದ್ದೇ. ವಿಡಿಯೊ ಪ್ರತಿ ಸಲವೂ ಒಂದೇ ರೀತಿ ಇರುತ್ತದೆ, ಅದಕ್ಕೆ ಬೇಸರ ಬರುವುದಿಲ್ಲ, ಅದು ಮಗುವಿನ ಮುಖವನ್ನು ದಿಟ್ಟಿಸುವುದಿಲ್ಲ.

ಶಾಲೆಯ ಬಿಸಿಯೂಟದ ಸಾಲನ್ನೇ ತೆಗೆದುಕೊಳ್ಳಿ. ಆಟಿಸಂ ಇರುವ ಮಗುವಿಗೆ ಆ ಸಾಲಿನಷ್ಟು ಗೊಂದಲದ ಜಾಗ ಇನ್ನೊಂದಿಲ್ಲ. ತಟ್ಟೆಗಳ ಸದ್ದು, ಹಿಂದಿನಿಂದ ನೂಕುವವರು, ಮುಂದೆ ಯಾವಾಗ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಮೊದಲು ಕೆಲಸವನ್ನು ಒಡೆಯಿರಿ: ತಟ್ಟೆ ಹಿಡಿಯುವುದು, ಸಾಲಿನ ಕೊನೆಗೆ ನಿಲ್ಲುವುದು, ಮುಂದಿನವರು ಸರಿದಾಗ ಒಂದು ಹೆಜ್ಜೆ ಇಡುವುದು, ತಟ್ಟೆ ಚಾಚುವುದು, ಗೋಡೆಯ ಪಕ್ಕ ಹೋಗಿ ಕೂರುವುದು. ಶಾಲೆಯಲ್ಲಿ ಚಿತ್ರೀಕರಿಸಬೇಕಾದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಬೇಕು, ಬೇರೆ ಮಕ್ಕಳ ಪೋಷಕರ ಒಪ್ಪಿಗೆಯೂ ಬೇಕು. ಅದಕ್ಕಿಂತ ಸುಲಭ, ದೊಡ್ಡಪ್ಪನ ಮಕ್ಕಳನ್ನೂ ಪಕ್ಕದ ಮನೆಯವರನ್ನೂ ಕರೆದು ಮನೆಯ ಪಡಸಾಲೆಯಲ್ಲೇ ಸಾಲು ಮಾಡಿಸುವುದು. ಶಾಲೆಯಲ್ಲಿ ಕೊಡುವಂಥದ್ದೇ ಸ್ಟೀಲ್ ತಟ್ಟೆ ಇರಲಿ, ಬಡಿಸುವವರ ಕೈಯಲ್ಲಿ ದೊಡ್ಡ ಸೌಟು ಇರಲಿ.

ಮೊಬೈಲನ್ನು ಅಡ್ಡಲಾಗಿ, ಮಗುವಿನ ಕಣ್ಣಿನ ಎತ್ತರದಲ್ಲಿ ಹಿಡಿಯಿರಿ. ನೀವು ನಿಂತು ತೆಗೆದರೆ ತಲೆಗಳೇ ಕಾಣುತ್ತವೆ. ಒಂದು ನಿಮಿಷ ಮೀರಬಾರದು. ಹಿನ್ನೆಲೆ ಸಂಗೀತ ಬೇಡ, ಫಿಲ್ಟರ್ ಬೇಡ, ನಕ್ಷತ್ರ ಹಾರಿಸುವುದು ಬೇಡ. ಫ್ಯಾನ್ ಆರಿಸಿ, ತಿರುಗುವ ಫ್ಯಾನ್ ಚೌಕಟ್ಟಿನೊಳಗೆ ಬಂದರೆ ಮಗು ನೋಡುವುದು ಅದನ್ನೇ. ಮಾತು ಬೇಕಾದರೆ "ಈಗ ನನ್ನ ಸರದಿ" ಎಂಬಂಥ ಒಂದೇ ವಾಕ್ಯ, ಅದೂ ಮಾಡುವ ಮಗುವಿನ ಬಾಯಿಂದ. ಗುಂಡಿ ಹಾಕುವುದು, ಕೈ ತೊಳೆಯುವುದು ಮುಂತಾದ ಕೈಕೆಲಸಗಳಿಗೆ ಇನ್ನೊಂದು ಉಪಾಯವಿದೆ. ಮುಖ ತೋರಿಸದೆ ಮಾಡುವವರ ಭುಜದ ಮೇಲಿಂದ ಎರಡು ಕೈ ಮಾತ್ರ ಕಾಣುವಂತೆ ತೆಗೆಯಿರಿ. ತನ್ನ ಕೈಯೇ ಎಂಬಂತೆ ಮಗು ನೋಡುತ್ತದೆ.

ತೋರಿಸುವಾಗ ಮಗುವಿನ ಗಲ್ಲ ಹಿಡಿದು ಪರದೆಯತ್ತ ತಿರುಗಿಸಬೇಡಿ. ನೋಡುವ ಮನಸ್ಸಿರುವ ಹೊತ್ತು ಒಂದೆರಡು ಸಲ ತೋರಿಸಿ, ಮೊಬೈಲ್ ಕೆಳಗಿಟ್ಟು ತಟ್ಟೆ ಕೈಗೆ ಕೊಡಿ. ಒಂದು ಹಂತ ಮಾಡಿದರೂ ಸಂತೋಷಪಡಿ, ಅದಕ್ಕೆ ಇಷ್ಟದ್ದೊಂದನ್ನು ಕೊಡಿ. ಆ ಇಷ್ಟದ್ದು ಮತ್ತೆ ಮೊಬೈಲ್ ಆಗಬಾರದು. ಜೋಕಾಲಿ, ಬಲೂನು, ಒಂದು ತುಂಡು ಚಿಕ್ಕಿ, ಬೆನ್ನ ಮೇಲೆ ಕೂರಿಸಿಕೊಂಡು ಒಂದು ಸುತ್ತು, ಏನಾದರೂ ಆಗಬಹುದು. ಮಗು ಮೊದಲ ಹಂತಗಳನ್ನು ತಾನೇ ಮಾಡತೊಡಗಿದ ಮೇಲೆ ಆ ಭಾಗವನ್ನು ಕತ್ತರಿಸಿ, ಬಾರದ ತುಂಡನ್ನಷ್ಟೇ ತೋರಿಸಿ. ಹೀಗೆ ವಿಡಿಯೊ ಚಿಕ್ಕದಾಗುತ್ತಾ ಹೋಗಿ ಒಂದು ದಿನ ಬೇಡವಾಗಬೇಕು. ಬೇಡವಾಗದ ವಿಡಿಯೊ ಕಲಿಸಿಲ್ಲ ಎಂದರ್ಥ.

ಕ್ಷೌರಕ್ಕೆ ಒಂದು ಮಾತು ಹೆಚ್ಚು. ಅಲ್ಲಿ ಕಷ್ಟ ಕೊಡುವುದು ಕತ್ತರಿಯಲ್ಲ, ಟ್ರಿಮ್ಮರ್‌ನ ಗುಂಯ್ ಸದ್ದು. ಆ ಸದ್ದನ್ನು ಅಂಗಡಿಯಲ್ಲೇ ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ಅತಿ ಸಣ್ಣದಾಗಿ, ಮಗು ಆಡುತ್ತಿರುವಾಗ ಕೇಳಿಸಿ. ಅದು ನಿರಾಳವಾಗಿದ್ದರಷ್ಟೇ ಮರುದಿನ ಒಂದು ಗೆರೆ ಹೆಚ್ಚಿಸಿ. ಕಿವಿ ಮುಚ್ಚಿಕೊಂಡರೆ ಹಿಂದಿನ ಗೆರೆಗೆ ಬನ್ನಿ. ಕ್ಷೌರಿಕರಿಗೆ ಮೊದಲೇ ಹೇಳಿ ಜನವಿಲ್ಲದ ಹೊತ್ತು ಹೋಗಿ.

ಮಾತಿಗೆ: ಒತ್ತಿದರೆ ನುಡಿಯುವ ಫಲಕ

ಚಿತ್ರ ಕೊಟ್ಟು ಬೇಕಾದದ್ದನ್ನು ಪಡೆಯುವ ಪದ್ಧತಿಯನ್ನು ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ರೂಪಿಸಿದರು. ಇಂದಿನ ಆ್ಯಪ್‌ಗಳಲ್ಲಿ ಚಿತ್ರ ಒತ್ತಿದರೆ ಧ್ವನಿ ಬರುತ್ತದೆ. ನಮ್ಮ ದೇಶದಲ್ಲೇ ಚೆನ್ನೈನಲ್ಲಿ ಹುಟ್ಟಿದ ಆವಾಜ್ ಇದೆ, ಐಐಟಿ ಬಾಂಬೆಯಲ್ಲಿ ತಯಾರಾದ ಉಚಿತ ಜೆಲ್ಲೋ ಇದೆ. ಯಾವುದನ್ನು ಹಾಕಿದರೂ ಹಣ ಕೊಡುವ ಮೊದಲು ಮಗುವಿನ ಹೆಸರನ್ನೂ "ನೀರು ಬೇಕು" ಎಂಬುದನ್ನೂ ಕನ್ನಡದಲ್ಲಿ ನುಡಿಸಿ ನೋಡಿ. ಯಂತ್ರದ ಕನ್ನಡ ಕಿವಿಗೆ ಹಿತವಾಗದಿದ್ದರೆ ಗುಂಡಿಗೆ ಸ್ವಂತ ಧ್ವನಿ ಮುದ್ರಿಸಲು ಬರುವಂಥ ಆ್ಯಪ್ ಆರಿಸಿಕೊಳ್ಳಿ. ಧ್ವನಿ ತಾಯಿಯದಾಗಿರುವುದಕ್ಕಿಂತ ಹೆಚ್ಚುಕಡಿಮೆ ಮಗುವಿನ ವಯಸ್ಸಿನವರೇ ಆದ ಅಕ್ಕನದೋ ಗೆಳೆಯನದೋ ಆಗಿದ್ದರೆ ಚೆನ್ನ. ಆರು ವರ್ಷದ ಹುಡುಗ ನಲವತ್ತು ವರ್ಷದ ಹೆಂಗಸಿನ ದನಿಯಲ್ಲಿ ಬಿಸ್ಕತ್ತು ಕೇಳಿದರೆ ಶಾಲೆಯಲ್ಲಿ ನಗುತ್ತಾರೆ.

ಹೆಚ್ಚಿನ ಮನೆಗಳಲ್ಲಿ ಮೊದಲ ಪುಟ ತುಂಬ ತಿಂಡಿಯ ಚಿತ್ರ ಹಾಕಿರುತ್ತಾರೆ. ಬಾಳೆಹಣ್ಣು, ಚಿಪ್ಸ್, ದೋಸೆ, ಹಾಲು. ಅದರಿಂದ ಮಗು ತಿಂಡಿ ಕೇಳಲು ಕಲಿಯುತ್ತದೆ, ಮಾತಾಡಲು ಅಲ್ಲ. ನನ್ನ ಮೊದಲ ಪುಟದಲ್ಲಿ ಇರುವುದು ಬೇಕು, ಬೇಡ, ಸಾಕು, ಇನ್ನೂ, ಕೊಡು, ಬಾ, ಹೋಗೋಣ, ನೋಡು, ನೋವು, ಮುಗಿಯಿತು. ತಿಂಡಿ ಎರಡನೆಯ ಪುಟಕ್ಕೆ. "ಬೇಡ" ಮೇಲಿನ ಮೂಲೆಯಲ್ಲಿ, ಸುಲಭವಾಗಿ ಕೈಗೆ ಸಿಗುವಲ್ಲಿ ಇರಲಿ. ಒಮ್ಮೆ ಇಟ್ಟ ಗುಂಡಿಯ ಜಾಗ ಬದಲಿಸಬೇಡಿ. ನಿಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯನ್ನು ಯಾರೋ ದಿನಾ ಬೇರೆ ಕಡೆ ಇಟ್ಟರೆ ಹೇಗೋ ಹಾಗೆ. ಕೈ ಕಲಿತದ್ದು ವ್ಯರ್ಥವಾಗುತ್ತದೆ.

ಕಲಿಸುವ ಕ್ರಮ ತಲೆಕೆಳಗು. ಮೊದಲು ಒತ್ತಬೇಕಾದವರು ನೀವು. "ಹೋಗೋಣವೇ?" ಎನ್ನುವಾಗ ಹೋಗೋಣ ಒತ್ತಿ. ಸಾರು ಬಡಿಸುವಾಗ "ಸಾಕಾ?" ಎಂದು ಸಾಕು ಒತ್ತಿ. ಮಗುವಿನ ಬೆರಳು ಹಿಡಿದು ಒತ್ತಿಸಬೇಡಿ, "ಒತ್ತು, ಒತ್ತಿದರೇ ಕೊಡುತ್ತೇನೆ" ಎನ್ನಬೇಡಿ. ಕೂಸಿಗೆ ಒಂದು ವರ್ಷ ನಾವೇ ಮಾತಾಡಿ, ಆಮೇಲೆ ಅದು "ಅಮ್ಮ" ಎನ್ನುವುದನ್ನು ಕಾಯುತ್ತೇವೆ. ಇಲ್ಲಿ ಮಾತ್ರ ವಾರದೊಳಗೆ ಫಲ ಬೇಕೆಂದರೆ ಹೇಗೆ? ಏನನ್ನಾದರೂ ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಆ ಮೌನ ಎಲ್ಲರಿಗೂ ಕಷ್ಟ, ಅದರಲ್ಲೂ ಅಜ್ಜಂದಿರಿಗೆ.

ಮಗು "ಬೇಡ" ಒತ್ತಿದರೆ ಅದಕ್ಕೆ ಬೆಲೆ ಸಿಗಲೇಬೇಕು. ಔಷಧಿಯಂತೆ ಬಿಡಲಾಗದ ವಿಷಯವಾದರೆ "ಬೇಡ ಎಂದೆಯಲ್ಲ, ಕೇಳಿಸಿತು. ಒಂದೇ ಚಮಚ, ಆಮೇಲೆ ಮುಗಿಯಿತು" ಎಂದು ಫಲಕದಲ್ಲೇ ತೋರಿಸಿ. ಉಳಿದ ಕಡೆ ಬೇಡ ಎಂದರೆ ಬೇಡ. ಮುಟ್ಟಬೇಡಿ ಎಂದು ಹೇಳಲು ಬಾರದ ಮಗುವಿಗೆ ಅಪಾಯ ಹೆಚ್ಚು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು, ಬಿಸ್ಕತ್ತಿನ ಗುಂಡಿಯನ್ನು ಬಿಡದೆ ಒತ್ತಿ ಮನೆಯವರನ್ನು ಹೈರಾಣು ಮಾಡುವ ಕಾಲ ಬಂದೇ ಬರುತ್ತದೆ. ಗುಂಡಿ ಅಡಗಿಸಬೇಡಿ. ಖಾಲಿ ಡಬ್ಬಿ ತೆರೆದು ತೋರಿಸಿ, "ಬಿಸ್ಕತ್ತು ಮುಗಿಯಿತು" ಎಂದು ನೀವೇ ಒತ್ತಿ. ಶಿಕ್ಷೆಗೆಂದು ಮೊಬೈಲ್ ಕಸಿಯುವುದಂತೂ ಕೂಡದು; ಅದು ಬಾಯಿಗೆ ಪಟ್ಟಿ ಹಾಕಿದಂತೆ.

"ಇದು ರೂಢಿಯಾದರೆ ಬಾಯಿಮಾತು ಬರುವುದೇ ನಿಂತುಹೋಗುತ್ತದೆ" ಎಂದು ಮನೆಯ ಹಿರಿಯರು ಹೇಳುತ್ತಾರೆ. ಭಯ ಸಹಜ, ಆದರೆ ನಿಜವಲ್ಲ. ಮಿಲ್ಲರ್, ಲೈಟ್ ಮತ್ತು ಶ್ಲೋಸರ್ 2006ರಲ್ಲಿ ಲಭ್ಯ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಗಟ್ಟಿ ಪುರಾವೆ ಇದ್ದ 27 ಜನರಲ್ಲಿ ಒಬ್ಬರಿಗೂ ಮಾತು ಕಡಿಮೆಯಾಗಿರಲಿಲ್ಲ. ಶೇಕಡಾ 89 ಮಂದಿಗೆ ಸ್ವಲ್ಪವಾದರೂ ಹೆಚ್ಚಿತ್ತು. ಹೆಚ್ಚಳ ಬಹುಪಾಲು ಚಿಕ್ಕದೇ, ಹಾಗಾಗಿ ಪವಾಡ ನಿರೀಕ್ಷಿಸಬೇಡಿ.

ಕರೆಂಟ್ ಹೋಗುತ್ತದೆ, ಚಾರ್ಜ್ ಮುಗಿಯುತ್ತದೆ. ಮೊದಲ ಪುಟದ ಚಿತ್ರ ತೆಗೆದು ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಮುದ್ರಿಸಿ ಲ್ಯಾಮಿನೇಟ್ ಮಾಡಿಸಿ. ಒಂದು ಪ್ರತಿ ಶಾಲೆಯ ಚೀಲಕ್ಕೆ, ಒಂದು ಬಚ್ಚಲುಮನೆಗೆ, ಒಂದು ಅಜ್ಜಿಯ ಊರಿಗೆ.

ಟೈಮರ್, ವಿಡಿಯೊ ಕರೆ

ಕೆಂಪು ಭಾಗ ಕರಗುತ್ತಾ ಹೋಗುವ ಟೈಮರ್ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. "ಇನ್ನು ಐದು ನಿಮಿಷ" ಎಂಬ ಮಾತು ಕಣ್ಣಿಗೆ ಕಾಣುವುದಿಲ್ಲ, ಕರಗುವ ಕೆಂಪು ಕಾಣುತ್ತದೆ. ಆದರೆ ಆಟ ನಿಲ್ಲಿಸಲು ಮಾತ್ರ ಅದನ್ನು ಬಳಸಿದರೆ ಮಗು ಟೈಮರನ್ನೇ ದ್ವೇಷಿಸುತ್ತದೆ. ಉಗುರು ಕತ್ತರಿಸುವಾಗ, ತಲೆ ಬಾಚುವಾಗಲೂ ಇಡಿ. ಕಷ್ಟವೂ ಮುಗಿಯುತ್ತದೆ ಎಂದು ಅದರಿಂದಲೇ ತಿಳಿಯಲಿ.

ದೂರದ ಊರಿನವರಿಗೆ ವಿಡಿಯೊ ಕರೆ ಬಸ್ಸಿನ ದಿನ ಉಳಿಸುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ದೂರಚಿಕಿತ್ಸೆಯ ವ್ಯವಸ್ಥೆ ಇದೆ. ಮಗುವನ್ನು ಪರದೆಯ ಮುಂದೆ ಕೂರಿಸಬೇಡಿ. ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿ, ನೀವು ಮಗುವಿನ ಜೊತೆ ಎಂದಿನಂತೆ ಆಡಿ, ಚಿಕಿತ್ಸಕರ ಮಾತು ನಿಮ್ಮ ಕಿವಿಯ ಇಯರ್‌ಫೋನ್‌ಗೆ ಮಾತ್ರ ಕೇಳಿಸಲಿ. ಚಿಕಿತ್ಸಕರು ತಿದ್ದುವುದು ನಿಮ್ಮನ್ನು.

ದೂರವಿಡಬೇಕಾದವು

ಆಟಿಸಂ ಗುಣಪಡಿಸುತ್ತೇವೆ ಎನ್ನುವ ಆ್ಯಪ್, ಹೆಡ್‌ಸೆಟ್, ಬೆಲ್ಟ್ ಯಾವುದನ್ನೂ ಕೊಳ್ಳಬೇಡಿ. ಮಗುವಿನ ಮೊಣಕೈಯನ್ನೋ ಅಕ್ಷರದ ಫಲಕವನ್ನೋ ದೊಡ್ಡವರು ಹಿಡಿದುಕೊಂಡು, ಮಗುವೇ ಕವಿತೆ ಬರೆಯಿತು ಎಂದು ತೋರಿಸುವವರು ಬಂದರೆ ನಮಸ್ಕಾರ ಹೇಳಿ ಕಳುಹಿಸಿ. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಈ ಎರಡೂ ಬಗೆಯನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ಆಟಿಸಂ ಇರುವ ಮಕ್ಕಳು ಮತ್ತೆ ಮತ್ತೆ ಕೈ ಬೀಸುವುದನ್ನು ನಿಲ್ಲಿಸಲು, ಕಣ್ಣಿಗೆ ಕಣ್ಣಿಟ್ಟು ನೋಡಿಸಲು ತಂತ್ರಜ್ಞಾನ ಬಳಸುವುದನ್ನೂ ನಾನು ಒಪ್ಪುವುದಿಲ್ಲ. ಯಾರಿಗೂ ನೋವಾಗದ ಕೈಬೀಸು ಆ ಮಗುವಿನ ಸ್ವಂತದ್ದು. ಚಿಕ್ಕಂದಿನಲ್ಲಿ ಇಂಥ ತರಬೇತಿ ಪಡೆದು ಬೆಳೆದ ಎಷ್ಟೋ ಜನ, ಅದರಿಂದ ತಮಗಾದ ಯಾತನೆಯನ್ನು ಈಗ ಬರೆದು ಹೇಳುತ್ತಿದ್ದಾರೆ. ನಮ್ಮ ಕಸುಬಿನವರು ಓದಬೇಕು.

ಕಾಗದಪತ್ರದ ಒಂದು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಹೆಸರಿಸಿ ಸೇರಿಸಿದೆ. ಜಿಲ್ಲಾ ಆಸ್ಪತ್ರೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿಕೊಂಡರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ನಡೆಸುವ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಒಂದು ಪಾಲಿದೆ. ಬಿಲ್ಲುಗಳ ಫೋಟೊ ತೆಗೆದು ತಿಂಗಳುವಾರು ಇಟ್ಟುಕೊಳ್ಳಿ.

ತಿಂಗಳಿಗೊಮ್ಮೆ ಮಾತಿನ ಫಲಕದ ಫೈಲನ್ನು ಬ್ಯಾಕಪ್ ಮಾಡಿ ಪೆನ್‌ಡ್ರೈವ್‌ಗೋ ನಿಮ್ಮದೇ ಇಮೇಲ್‌ಗೋ ಹಾಕಿಡಿ. ಮಕ್ಕಳ ಕೈಯಲ್ಲಿರುವ ಮೊಬೈಲ್ ಒಂದಲ್ಲ ಒಂದು ದಿನ ಬಕೆಟ್‌ಗೆ ಬೀಳುತ್ತದೆ. ಬ್ಯಾಕಪ್ ಇದ್ದರೆ ಅಂದು ಸಂಜೆಯೇ ಇನ್ನೊಂದು ಮೊಬೈಲ್‌ನಲ್ಲಿ ಅದೇ ಗುಂಡಿಗಳು ಅದೇ ಜಾಗದಲ್ಲಿ ಬರುತ್ತವೆ. ಜಲನಿರೋಧಕ ಕವಚಕ್ಕೆ ಖರ್ಚು ಮಾಡುವ ಮನಸ್ಸಿದ್ದರೆ, ಧ್ವನಿ ಹೊರಬರುವ ರಂಧ್ರ ಮುಚ್ಚದಂಥದ್ದನ್ನು ನೋಡಿ ಕೊಳ್ಳಿ.